ಖಾಲಿ ಕ್ಯಾಮೆರಾದ ರೋಸ್ವಿತಾ

ರೋಸ್ವಿತಾಳ ಜೊತೆ ಮೂವತ್ತು ವರ್ಷ ಸಾಕ್ಷ್ಯಚಿತ್ರ ಮಾಡಿದ್ದೇನೆ. ಅವಳದು ಕ್ಯಾಮೆರಾ, ನನ್ನದು ಧ್ವನಿ. ಚಿತ್ರ ನೋಡಿದವರೆಲ್ಲ ಅವಳ ಕಣ್ಣನ್ನು ಹೊಗಳುತ್ತಾರೆ. ನನ್ನ ಕಿವಿಯನ್ನು ಇದುವರೆಗೆ ಒಬ್ಬರೂ ಹೊಗಳಿಲ್ಲ. ಅದನ್ನು ಹೇಳಿಕೊಳ್ಳಲು ನಾನು ಕೂತಿಲ್ಲ, ಆದರೂ ಹೇಳಿಬಿಟ್ಟೆ.

ಅವಳು ಹುಟ್ಟಿದ್ದು ನಮ್ಮೂರು ಹೆರ್ನೆಯಲ್ಲಿ, ಕಲ್ಲಿದ್ದಲ ಗಣಿಯ ಗೇಟಿನೆದುರು ಇದ್ದ ಗೂಡಂಗಡಿಯ ಹಿಂದಿನ ಕೋಣೆಯಲ್ಲಿ. ಅಪ್ಪ ಯುದ್ಧದಿಂದ ವಾಪಸು ಬರಲಿಲ್ಲ. ಅಮ್ಮ ಬಿಯರು, ಸಿಗರೇಟು, ಪೇಪರು, ಪೆಪ್ಪರಮಿಂಟು ಮಾರಿ ಮಗಳನ್ನು ಸಾಕಿದಳು. ಪಾಳಿ ಮುಗಿಸಿ ಬಂದ ಗಂಡಸರು ಆ ಅಂಗಡಿಯ ಕಿಟಕಿಗೆ ಮೊಣಕೈ ಊರಿ ನಿಂತು, ಹೆಂಡತಿಯ ಮುಂದೆ ಆಡದ ಮಾತನ್ನೂ ಆಡುತ್ತಿದ್ದರು. ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುವ ಹುಡುಗಿ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಲೆಕ್ಕದಲ್ಲಿ ಅವಳು ಕೊನೆಯವರೆಗೂ ದಡ್ಡಿಯೇ, ಆದರೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದು ಪಾದ್ರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹದಿನೈದಕ್ಕೆ ಫೋಟೋ ಸ್ಟುಡಿಯೋ ಸೇರಿದಳು. ಮದುವೆ, ನಾಮಕರಣ, ಫುಟ್‌ಬಾಲ್ ಸಂಘದ ಗುಂಪು ಫೋಟೋ. ಕಿಟಕಿಯ ಮುಂದೆ ಕಿರುಚಾಡಿ ನಗುತ್ತಿದ್ದ ಅದೇ ಗಂಡಸರು ಕ್ಯಾಮೆರಾ ಕಂಡ ಕೂಡಲೇ ಉಸಿರು ಬಿಗಿಹಿಡಿದು ಕಂಬವಾಗುವುದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸಿನಿಮಾ ಶಾಲೆಯವರು ಎರಡು ಸಲ ಬೇಡವೆಂದರು. ಮೂರನೆಯ ಸಲ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತ ಕೂತವರ ಹತ್ತು ನಿಮಿಷದ ಚಿತ್ರ ತೆಗೆದುಕೊಂಡು ಹೋದಳು. ಹಲ್ಲುನೋವಿದ್ದವರು ಕ್ಯಾಮೆರಾ ಕಡೆ ತಲೆ ಹಾಕುವುದಿಲ್ಲವಲ್ಲ! ಮೇಷ್ಟ್ರುಗಳು ಹೊಟ್ಟೆ ಹಿಡಿದು ನಕ್ಕು ಸೇರಿಸಿಕೊಂಡರು.

ಎಪ್ಪತ್ತಮೂರರಲ್ಲಿ ಅವಳಿಗೆ ಮೊದಲ ದೊಡ್ಡ ಚಿತ್ರ ಸಿಕ್ಕಿತು. ನಮ್ಮೂರಿನ ಗಣಿ ಆ ವರ್ಷದ ಕೊನೆಗೆ ಮುಚ್ಚಲಿತ್ತು. ಅದರ ಕೊನೆಯ ವರ್ಷವನ್ನು ಒಬ್ಬ ಕೆಲಸಗಾರನ ಮನೆಯಿಂದ ತೋರಿಸಬೇಕು ಎಂಬುದು ಅವಳ ಆಸೆ. ಟಿವಿಯ ಅಧಿಕಾರಿ ಲ್ಯೂಡೆಕೆ ಒಪ್ಪಿದರು, ಆದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಬಿಟ್ಟರು: "ಚೆನ್ನಾಗಿ ಬಂದ್ರೆ ಮುಂದಿನದು ಮಾತಾಡೋಣ. ಬರದಿದ್ರೆ ನೀವು ನಿಮ್ಮ ಮದುವೆ ಫೋಟೋಗೆ ವಾಪಸ್ ಹೋಗ್ಬಹುದು."

ಅವಳು ಆರಿಸಿಕೊಂಡದ್ದು ಎಂಗೆಲ್‌ಬರ್ಟ್ ಕುಬಿತ್ಸಾ ಅವರನ್ನು. ಇಪ್ಪತ್ತೊಂಬತ್ತು ವರ್ಷ ಗಣಿಯೊಳಗೆ ಯಂತ್ರ ರಿಪೇರಿ ಮಾಡಿದವರು, ಹಿತ್ತಿಲ ಅಟ್ಟದಲ್ಲಿ ಪಂದ್ಯದ ಪಾರಿವಾಳ ಸಾಕಿದವರು. ಪಂದ್ಯದ ಭಾನುವಾರ ಆ ಬೀದಿಯ ಹೆಂಗಸರು ಒಬ್ಬರೂ ಬಟ್ಟೆ ಒಣಹಾಕುವಂತಿರಲಿಲ್ಲ. ಹಾರಾಡುವ ಅಂಗಿ ಕಂಡು, ದೂರದಿಂದ ಗೂಡಿಗೆ ಮರಳಿದ ಪಾರಿವಾಳ ಇಳಿಯದೆ ಪಂದ್ಯ ಸೋತರೆ ಎರಡು ಮನೆಗಳ ನಡುವೆ ಆರು ತಿಂಗಳು ಮಾತು ನಿಂತುಹೋಗುತ್ತಿತ್ತು.

ಶೂಟಿಂಗಿನ ಮೊದಲ ದಿನ ಕುಬಿತ್ಸಾ ಪಾರಿವಾಳಕ್ಕೆ ಕಾಳು ಹಾಕಲು ಕಪ್ಪು ಸೂಟು, ಟೈ, ಎದೆಯ ಮೇಲೆ ಪಾರಿವಾಳ ಸಂಘದ ಮೂರು ಪದಕ ಧರಿಸಿ ಬಂದರು. ಹೆಂಡತಿ ಕ್ಲೇರ್ಶೆನ್ ಪಾರ್ಲರಿಗೆ ಹೋಗಿ ತಲೆ ಸೆಟ್ ಮಾಡಿಸಿಕೊಂಡು ಬಂದಿದ್ದಳು. ರೋಸ್ವಿತಾ ಕ್ಯಾಮೆರಾ ಹೆಗಲಿಗೇರಿಸಿ ದಿನವಿಡೀ ಓಡಿಸಿದಳು. ಅದರೊಳಗೆ ಒಂದು ಅಡಿ ಫಿಲ್ಮೂ ಇರಲಿಲ್ಲ.

ಇದು ಅವಳದೇ ಪದ್ಧತಿ. ಟಿವಿಯವರು ಫಿಲ್ಮನ್ನು ಅಳೆದು ಅಳೆದು ಕೊಡುತ್ತಿದ್ದರು. ಕಂಬದ ಹಾಗೆ ನಿಂತವರ ಮೇಲೆ ಅದನ್ನು ಸುರಿಯುವುದೇಕೆ? ಜನಕ್ಕೆ ರೂಢಿಯಾಗುವವರೆಗೆ ಕ್ಯಾಮೆರಾವನ್ನು ಖಾಲಿಯೇ ಓಡಿಸುವುದು, ಅವರು ಅವರಾದ ಮೇಲೆ ಫಿಲ್ಮ್ ಹಾಕುವುದು. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಮಾತ್ರ ದಿನಾ ಟೇಪು ಓಡಿಸುತ್ತಿದ್ದೆ. ಟೇಪನ್ನು ಅಳಿಸಿ ಮತ್ತೆ ಬಳಸಬಹುದು, ಮೇಲಾಗಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಮೂರನೆಯ ವಾರ ಸೂಟು ಮಾಯವಾಯಿತು. ಐದನೆಯ ವಾರ ಕುಬಿತ್ಸಾ ಬನಿಯನ್ನಿನಲ್ಲಿ ಓಡಾಡತೊಡಗಿದರು. "ನೋಡಿದ್ಯಾ ಹೈನರ್, ಹೇಗೆ ಕೆಲಸ ಮಾಡ್ತಿದೆ ನನ್ನ ಉಪಾಯ!" ಎಂದು ರೋಸ್ವಿತಾ ಹಿಗ್ಗಿದಳು. ಸೋಮವಾರದಿಂದ ಫಿಲ್ಮ್ ಹಾಕೋಣ ಎಂದು ನಿಶ್ಚಯವಾಯಿತು.

ಅದಕ್ಕೆ ಮುಂಚಿನ ಗುರುವಾರ, ಪಾರಿವಾಳದ ನೀರಿನ ಬಟ್ಟಲು ತೊಳೆಯುತ್ತಿದ್ದ ಕುಬಿತ್ಸಾ, ಯಾರೂ ಕೇಳದೆಯೇ ಬಾಯಿಬಿಟ್ಟರು.

"ನಾನು ದೀಪ ಆರಿಸಿ ಮಲಗಿ ಇಪ್ಪತ್ತೆರಡು ವರ್ಷ ಆಯ್ತು ಕಣೇ ಹುಡುಗಿ. ಐವತ್ತೊಂದರಲ್ಲಿ ಮಣ್ಣು ಕುಸೀತಲ್ಲ, ನಾನು, ಬರಾನೆಕ್ ಇಬ್ರೂ ನಲವತ್ತು ಗಂಟೆ ಒಳಗಿದ್ವಿ. ಬ್ಯಾಟರಿ ಮೊದಲನೇ ದಿನಾನೇ ಮುಗೀತು. ಆಮೇಲೆ ಕೈ ಎತ್ತಿ ಮುಖದ ಮುಂದೆ ಹಿಡಿದ್ರೂ ಕಾಣ್ತಿರ್ಲಿಲ್ಲ. ಹೊರಗೆ ಬಂದು ಎರಡು ವಾರಕ್ಕೆ ಮತ್ತೆ ಗಣಿಗಿಳಿದೆ, ಅಲ್ಲಿ ದೀಪ ಇದೆ, ಜನ ಇದಾರೆ, ಭಯ ಇಲ್ಲ. ಮನೇಲಿ ಮಂಚದ ಮೇಲೆ ಮಾತ್ರ ಆಗಲ್ಲ ನೋಡು. ಇಷ್ಟು ದೊಡ್ಡ ಆಳು, ಎಳೇ ಮಗೂ ಥರ ದೀಪ ಹಚ್ಕೊಂಡು ಮಲಗ್ತೀನಿ."

ಇಷ್ಟು ಹೇಳಿ ಬಟ್ಟಲು ಕೊಡವಿ ಒಳಗೆ ಹೋದರು. ರೋಸ್ವಿತಾಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಾರಿಗೆ ಬಂದವಳೇ ಸ್ಟೀರಿಂಗ್ ಗುದ್ದಿದಳು.

"ನನ್ನ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ! ಇಡೀ ಚಿತ್ರ ಅಲ್ಲೇ ಇತ್ತು ಹೈನರ್, ನನ್ನ ಕಣ್ಣ ಮುಂದೆ, ಖಾಲಿ ಡಬ್ಬಿ ಹಿಡ್ಕೊಂಡು ನಿಂತಿದ್ದೆ!"

ಮರುದಿನವೇ ಫಿಲ್ಮ್ ತುಂಬಿಕೊಂಡು ಹೋದೆವು. "ಕುಬಿತ್ಸಾ ಅಂಕಲ್, ನಿನ್ನೆ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ..." ಎಂದು ಅವಳು ಕ್ಯಾಮೆರಾ ಶುರು ಮಾಡಿದಳು. ಅವರು ತಲೆ ವಾರೆ ಮಾಡಿ ಒಂದು ಗಳಿಗೆ ಕಿವಿಗೊಟ್ಟರು.

"ಇವತ್ತು ಇದರ ಹೊಟ್ಟೆ ತುಂಬಿದೆ," ಎಂದರು.

ರೋಸ್ವಿತಾ ಕ್ಯಾಮೆರಾ ಕೆಳಗಿಳಿಸಿದಳು.

"ಇಪ್ಪತ್ತೊಂಬತ್ತು ವರ್ಷ ಮೋಟಾರು ಸದ್ದು ಕೇಳ್ಕೊಂಡು ಬದುಕಿದೋನು ನಾನು. ಭಾರ ಹೊತ್ತ ಚಕ್ರ ಯಾವ್ದು, ಸುಮ್ನೆ ತಿರುಗೋ ಚಕ್ರ ಯಾವ್ದು, ಅಷ್ಟೂ ಗೊತ್ತಾಗಲ್ವಾ? ಎರಡನೇ ವಾರಾನೇ ಗೊತ್ತಾಯ್ತು. ಇನ್ನು ಯಾವ ಚೆಂದಕ್ಕೆ ಸೂಟು ಅಂತ ಬಿಚ್ಚಿಟ್ಟೆ."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಕ್ಲೇರ್ಶೆನ್ ವಾರವಾರ ತಲೆ ಸೆಟ್ ಮಾಡಿಸ್ಕೊಳ್ತಿದ್ಲಲ್ಲ, ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ? ಕೇಳು, ಖಾಲಿ ಇತ್ತು ಅಂತಾನೇ ನಿನ್ನ ಹತ್ರ ಹೇಳ್ದೆ. ಬರಾನೆಕ್ ಕಿವಿಗೆ ಇದು ಬಿದ್ರೆ ನನ್ನ ಹೆಣದ ಪೆಟ್ಟಿಗೆಗೂ ಒಂದು ಬಲ್ಬು ಸಿಕ್ಕಿಸ್ತಾನೆ ಆ ಪುಣ್ಯಾತ್ಮ."

ಬರಾನೆಕ್ ಅವರ ಜೀವದ ಗೆಳೆಯ, ಪಾರಿವಾಳದಲ್ಲಿ ಜೀವದ ಎದುರಾಳಿ. ಆತ ಎಲ್ಲಕ್ಕೂ ಒಂದು ಚುಚ್ಚುಮಾತು ಇಟ್ಟುಕೊಂಡಿರುತ್ತಿದ್ದ. ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು. ಕ್ಯಾಮೆರಾ ಖಾಲಿ ಎಂದು ತಿಳಿದಿದ್ದ ಕುಬಿತ್ಸಾಗೆ ನನ್ನ ಟೇಪು ತುಂಬಿದೆ ಎಂದು ತಿಳಿದಿರಲಿಲ್ಲ. ನಾವೂ ಹೇಳಲಿಲ್ಲ. ಹೇಳಬೇಕಿತ್ತು.

ಗಣಿ ಮುಚ್ಚಿತು, ಚಿತ್ರ ಮುಗಿಯಿತು. ಲ್ಯೂಡೆಕೆ ನೋಡಿ ಮುಖ ಸಿಂಡರಿಸಿದರು. "ಪಾರಿವಾಳ ಹಾರ್ತಿದೆ, ಮುದುಕರು ಕೇಕ್ ತಿಂತಿದಾರೆ. ಎಲ್ಲ ಸರಿ, ಇದರ ಜೀವ ಎಲ್ಲಿ? ಇದನ್ನ ಹಾಕೋಕಾಗಲ್ಲ." ರೋಸ್ವಿತಾ ಫಿಲ್ಮಿನ ಸುರುಳಿ ಎತ್ತಿಕೊಳ್ಳತೊಡಗಿದಳು. ತಡೆಯಲಾರದೆ ನಾನೇ, "ಒಂದು ಟೇಪ್ ಇದೆ," ಎಂದುಬಿಟ್ಟೆ. ಈಗಲೂ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕೇಳಿದ ಲ್ಯೂಡೆಕೆ ಕುರ್ಚಿಯಿಂದ ಎದ್ದೇ ನಿಂತರು. "ಈ ದನಿ ಹಾಕಿ. ನಾಳೆನೇ ಪ್ರಸಾರಕ್ಕೆ ತಾರೀಖು ಕೊಡ್ತೀನಿ. ಹಾಕ್ದಿದ್ರೆ ಇಲ್ಲ."

ಟಿವಿಗೆ ಹೋಗುವ ಮೊದಲು ಚಿತ್ರವನ್ನು ಅದರೊಳಗಿನ ಜನಕ್ಕೇ ತೋರಿಸುವುದು ರೋಸ್ವಿತಾಳ ಇನ್ನೊಂದು ಪದ್ಧತಿ. ಆ ಭಾನುವಾರ ಮೂರು ಗಂಟೆಗೆ ಪಾರಿವಾಳ ಸಂಘದ ಹಾಲ್‌ನಲ್ಲಿ ಪ್ರದರ್ಶನ. ಎರಡಕ್ಕೇ ಅವಳು ನನ್ನನ್ನೂ ಕರೆದುಕೊಂಡು ಕುಬಿತ್ಸಾರ ಅಡುಗೆಮನೆಗೆ ಹೋಗಿ ಟೇಪನ್ನು ಮೇಜಿನ ಮೇಲಿಟ್ಟಳು.

"ಅಂಕಲ್, ಅವತ್ತು ಹೇಳಿದ್ದು ಇದರಲ್ಲಿದೆ. ಹೇಳ್ದೆ ಇಟ್ಕೊಂಡಿದ್ವಿ, ತಪ್ಪಾಯ್ತು. ನಕಲು ಇಲ್ಲ, ಇದೊಂದೇ. ತಗೊಳ್ಳಿ."

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ನೆಲ ನೋಡಿದೆ.

"ಟಿವಿಯೋರು ಇದನ್ನ ಕೇಳಿದ್ರಾ?"

"ಕೇಳಿದ್ರು. ಇದಿಲ್ದೆ ಹಾಕಲ್ಲ ಅಂದ್ರು."

"ಹಾಗಾದ್ರೆ ನಿನ್ನ ಗತಿ?"

"ಮದುವೆ ಫೋಟೋ ತೆಗೀತೀನಿ. ಅದೇನು ಕೆಟ್ಟ ಕೆಲಸಾನಾ?" ಎಂದಳು. ಒಂದು ವರ್ಷದ ದುಡಿಮೆಯನ್ನು ಕೇಕಿನ ತಟ್ಟೆಯ ಪಕ್ಕ ಬಿಟ್ಟು ಎದ್ದುಬಂದಳು.

ಹಾಲ್ ತುಂಬಿತ್ತು. ಪರದೆ ಎಳೆದು ಚಿತ್ರ ಓಡಿಸಿದೆವು. ತಮ್ಮ ಪಾರಿವಾಳ ಬಂದಾಗ ಸಿಳ್ಳೆ, ಬೇರೆಯವರದು ಬಂದಾಗ ಬೈಗಳು. ಮುಗಿದ ಮೇಲೆ ಕಾಫಿಯ ಗಡಿಬಿಡಿ. ಅಷ್ಟರಲ್ಲಿ ಕುಬಿತ್ಸಾ ಎದ್ದು ನಿಂತರು.

"ಈ ಹುಡುಗಿ ಚಿತ್ರದಲ್ಲಿ ಒಂದು ಮಾತು ಕಮ್ಮಿ ಇದೆ. ಅದು ನನ್ನ ಜೇಬಲ್ಲಿದೆ," ಎಂದು ಟೇಪು ತೆಗೆದು ತೋರಿಸಿದರು. "ಟಿವಿಲಿ ಕೇಳೋಕೆ ಮುಂಚೆ ನನ್ನ ಬಾಯಿಂದಲೇ ಕೇಳಿ. ಆಮೇಲೆ ಎಷ್ಟಾದ್ರೂ ನಗಿ." ಹಿತ್ತಿಲಲ್ಲಿ ಆಡಿದ ಮಾತನ್ನೇ ತಡವರಿಸುತ್ತ ಎಲ್ಲರ ಮುಂದೆ ಆಡಿದರು.

ಯಾರೂ ನಗಲಿಲ್ಲ. ಎಲ್ಲರೂ ಬರಾನೆಕ್ ಕಡೆ ತಿರುಗಿದರು. ಅವನು ಕಾಫಿ ಬಟ್ಟಲೊಳಗೆ ಮುಖ ಹುದುಗಿಸಿ ಕೂತಿದ್ದ. ಮಾತಾಡಿದ್ದು ಅವನ ಹೆಂಡತಿ ಹೆಡ್ವಿಗ್.

"ಕುಬಿತ್ಸಾ, ನಿಮ್ಮನೇಲಿ ಒಂದೇ ದೀಪಾನಾ? ಪುಣ್ಯ ಮಾಡಿದ್ಲು ಕ್ಲೇರ್ಶೆನ್. ನಮ್ಮನೇಲಿ ಮಂಚದ ಹತ್ರ ಒಂದು, ನಡುಮನೇಲಿ ಇನ್ನೊಂದು. ಅದೂ ಸಾಲ್ದು ಅಂತ ನನ್ನ ಕೈ ಹಿಡ್ಕೋಬೇಕು ಇವರಿಗೆ."

ಬರಾನೆಕ್ ಕಿವಿಯವರೆಗೂ ಕೆಂಪಾದ. "ಲೇ ಎಂಗೆಲ್‌ಬರ್ಟ್, ಇಷ್ಟು ವರ್ಷ ನಂಗೆ ಯಾಕೋ ಹೇಳ್ಲಿಲ್ಲ?"

"ನೀನು ಹೇಳಿದ್ಯೇನೋ?"

ದಿನಾ ಒಂದೇ ಗೂಡಂಗಡಿಯ ಮುಂದೆ ಬಿಯರು ಕುಡಿದವರು, ದಿನಾ ಎರಡು ಮನೆಯಲ್ಲಿ ಒಂದೇ ಗುಟ್ಟು ಹೊದ್ದು ಮಲಗಿದ್ದರು. ರೋಸ್ವಿತಾ ಮುಚ್ಚುಮರೆಯಿಲ್ಲದೆ ಅಳುತ್ತಿದ್ದಳು.

ಕುಬಿತ್ಸಾ ಟೇಪನ್ನು ಅವಳ ಮಡಿಲಿಗೆ ಹಾಕಿದರು. ಅದನ್ನು ಕಂಡದ್ದೇ ತಡ, ಬರಾನೆಕ್ ಕುರ್ಚಿ ಸರಿಸಿಕೊಂಡು ಮುಂದೆ ಬಂದ.

"ಇವನೊಬ್ಬನ ಮಾತು ಹಾಕಿದ್ರೆ ನಾನು ಒಪ್ಪಲ್ಲ. ನಾಳೆ ನಮ್ಮನೆಗೂ ಬಾಮ್ಮ, ಫಿಲ್ಮ್ ತುಂಬಿಸ್ಕೊಂಡೇ ಬಾ. ನಮ್ಮದು ಎರಡು ದೀಪ, ಅವನಿಗಿಂತ ಒಂದು ಜಾಸ್ತಿ!"