ನೂರಕ್ಕ ಏರಿದ ಹಸರ ಗೆರಿ

ನನಗ ಹೊಟ್ಟಿಕಿಚ್ಚು ಭಾಳ. ಮೊದಲ ಒಪ್ಪಿಕೊಂಡಬಿಡ್ತೀನಿ, ಆಮ್ಯಾಲೆ ನೀವು ಕಂಡಹಿಡದು ಆಡ್ಕೊಳ್ಳೂದು ಬ್ಯಾಡ.

ಮಾಸ್ತರಕಿ ಮುಗಿಸಿ, ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದರಿಗೆ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕಿ ಟೈಪ್ ಮಾಡಾಕ ಕುಂತಿದ್ದೆ. ವರ್ಷ ತುಂಬೂದ್ರಾಗ ಎದರ ಸಾಲಿನ್ಯಾಗ ಖಾದರಸಾಬನೂ ಅದ ದಂಧೆ ಸುರು ಮಾಡಿದ. ಅವನ ಗಿರಾಕಿ ಲಗೂ ಎದ್ದು ಹೋಗತಿದ್ರು. ನನ್ನ ಗಿರಾಕಿ ಎರಡೆರಡು ಸಲ ಚಾ ಕುಡದರೂ ಪತ್ರಿಕಿ ಮುಗೀತಿರಲಿಲ್ಲ.

ಅಷ್ಟರಾಗ ಯಾರೋ ನನಗ ಕಂಪ್ಯೂಟರಿನ್ಯಾಗ ಟಾಸ್ಕ್ ಮ್ಯಾನೇಜರ್ ಅನ್ನೂದು ತೋರಿಸಿದ್ರು. ಕರೇ ಚೌಕದಾಗ ಒಂದು ಹಸರ ಗೆರಿ, ಮಷೀನಿನ ಮಿದುಳು, ಅಂದ್ರ ಪ್ರೊಸೆಸರ್, ನೂರಕ್ಕ ಎಷ್ಟು ದುಡಿಯಾಕತ್ತೈತಿ ಅಂತ ಹೇಳೂದು. ನನ್ನದು ನೂರಕ್ಕ ಹೋಗಿ ಅಂಟಿಕೊಂಡಿತ್ತು. ಜನ್ಮೆಲ್ಲಾ ಗಣಿತದ ಪೇಪರ್ ತಿದ್ದಿದ ಕಣ್ಣಿಗೆ ನೂರು ಕಂಡ್ರ ಎದಿ ಉಬ್ಬದ ಇರ್ತೈತೇನ್ರಿ? ಖಾದರಸಾಬನ ಅಂಗಡಿಗೆ ಹೋಗಿ, ಅವನ ಗೆರಿನೂ ತೆರಸಿ ಹಣಿಕಿದೆ. ಅವನದು ನಾಕು, ಐದು. ‘ನಪಾಸು!’ ಅಂತ ಮನಸಿನ್ಯಾಗ ಕುಣಿದೆ.

ಸೂಡಿಯ ನೀಲವ್ವ, ನನ್ನ ಕೈಯಾಗ ಕಲಿತಾಕಿ, ಮಗಳ ಪತ್ರಿಕಿ ಮಾಡಸಾಕ ಬಂದಳು. ನಾ ಒತ್ತಿದ ಅಕ್ಷರ ಮೂಡವಲ್ದು. “ಮಾಸ್ತರ್ರ, ಐದರ ಬಸ್ ತಪ್ಪತೈತ್ರಿ. ಖಾದರಣ್ಣನ ಕಡೆ ಹೋಗ್ಲ್ಯಾ?” ಅಂದಳು. ಎದಿಗೆ ಒದ್ದಂಗಾತು. ಹೋದಾಕಿ, ನನ್ನ ಮಷೀನು ನೋಡಾಕ ಅವನ್ನ ಕರಕೊಂಡ ಬಂದಳು. ‘ನೂರಕ್ಕ ನೂರು!’ ಅಂತ ನಾ ಗೆರಿ ತೋರಿಸಿದೆ.

“ಮಾಸ್ತರ್ರ, ಇದು ಮಾರ್ಕ್ಸ್ ಅಲ್ರಿ, ಏದುಸಿರು. ಗೆರಿ ಕೆಳಗಿದ್ರ ಕಸುವು ಉಳದೈತಿ ಅಂತ ಅರ್ಥ,” ಅಂದ ಖಾದರಸಾಬ. ಕಸುವು ತಿನ್ನಾಕತ್ತಿದ್ದು ಯಾವುದು ಅಂತನೂ ಪಟ್ಟಿಯಾಗ ಹುಡುಕಿ ತೋರಿಸಿದ. ಪರದೆ ತುಂಬ ಈಜಾಡೋ ಬಣ್ಣದ ಮೀನಿನ ಚಿತ್ರ! ಅವನ ಪರದೆ ಬೋಳು ಐತಿ, ನನ್ನದು ಚೆಂದ ಇರಲಿ ಅಂತ ಅವನ ಮ್ಯಾಲಿನ ಜಿದ್ದಿಗೆ ನಾನ ಹಾಕಿದ್ದು. ಮೀನ ಬಂದ್ ಮಾಡಿದ ಕೂಡ್ಲೆ ಗೆರಿ ಸರ್ರಂತ ಇಳೀತು. ಪತ್ರಿಕಿ ಆತು, ನೀಲವ್ವಗ ಬಸ್ಸೂ ಸಿಕ್ತು.

ಹೋಗೂಮುಂದ ಖಾದರಸಾಬ ಬಾಗಿಲದಾಗ ನಿಂತ. “ಖರೇ ಹೇಳ್ಲ್ಯಾ? ‘ಮಾಸ್ತರ ಅಂಗಡ್ಯಾಗ ಮೀನ ಅದಾವ, ನಮ್ಮಲ್ಲಿ ಯಾಕಿಲ್ಲ’ ಅಂತ ನನ್ನ ಮಗಳು ದಿನಾ ಅಳತಾಳ್ರಿ. ನನಗೂ ಹೊಟ್ಟಿ ಉರೀತಿತ್ತು.”

ಆಹಾ, ನನ್ನ ಹೊಟ್ಟಿಗೆ ಏನು ತಂಪು! ಮೀನಿನ ಸೀಡಿ ಅವನ ಕೈಯಾಗ ಇಟ್ಟೆ. ದೊಡ್ಡ ಮನಸು ಅಂತ ತಿಳೀಬ್ಯಾಡ್ರಿ. ಅವನ ಗೆರಿ ನೂರಕ್ಕ ಏರೂದನ್ನ ನೋಡಾಕ ಮರುದಿನ ಮುಂಜಾನೆ ಅವನಕಿಂತ ಮೊದಲ ಅವನ ಬಾಗಿಲಕ್ಕ ಹೋಗಿ ನಿಂತೆ.

ಅವನ ಮಷೀನು ಹೊಸಾದು. ಮೀನ ಆರಾಮ ಈಜತಿದ್ವು, ಗೆರಿ ಎಂಟು ದಾಟಲಿಲ್ಲ. ನೂರಕ್ಕ ಏರಿದ್ದು ನನ್ನ ತಲಿ ಒಂದ. ಅದರಾಗಿನ ಕಿಚ್ಚು ಹ್ಯಾಂಗ ಬಂದ್ ಮಾಡೂದು ಅಂತ ಖಾದರಸಾಬನ್ನ ಕೇಳಬಹುದಿತ್ತು. ಆದ್ರ ಅದೂ ಅವನಿಗೇ ಗೊತ್ತಿದ್ರ ಏನ ಮಾಡ್ಲಿ ಅಂತ ಅಂಜಿ, ಅವನ ಚಾ ಕುಡದು ಬಂದೆ.