ಈಕೀನ್ನ ತಗೀ

ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಅರಿಶಿನ ಉದುರಿಸಿ ಇನ್ನೂ ಕೈ ತೊಳೆದಿರಲಿಲ್ಲ, ಅಷ್ಟರಲ್ಲಿ ಫೋನು ಬಡಕೊಂಡಿತು. ನೋಡಿದರೆ ಕಾರಿನ ವಾರಂಟಿ ಮಾರುವವರು, ಅವರ ಮನೆ ಹಾಳಾಗ. ಅದೇ ಬೆರಳಿನಲ್ಲಿ ಕರೆ ಕತ್ತರಿಸಿದೆ. ಪರದೆಯ ತುಂಬ ಅರಿಶಿನ ಮೆತ್ತಿಕೊಂಡಿತು. ಒರೆಸಲು ಹೋದರೆ ಇನ್ನಷ್ಟು ಹರಡಿತು. ಅದರ ಹಿಂದಿನಿಂದ ಇಣುಕುತ್ತಿದ್ದದ್ದು ನಮ್ಮ ಮನೆಯವರೆಲ್ಲ ಸಾಲಾಗಿ ನಿಂತ ಫೋಟೋ. ಹಳದಿಯ ಕೆಳಗೆ ಅದು ನಮ್ಮಜ್ಜನ ಕಾಲದ ಸ್ಟುಡಿಯೋ ಫೋಟೋದ ಹಾಗೆ ಕಾಣುತ್ತಿತ್ತು. ಇಂಥದೇ ಬಣ್ಣ ಬರಿಸಲು ನಾನು ಆಪ್‌ಗಳಲ್ಲಿ ಎಷ್ಟು ಭಾನುವಾರಗಳನ್ನು ಸುಟ್ಟಿದ್ದೇನೆಂದು ನಿಮಗೆ ಗೊತ್ತಿಲ್ಲ. ಚಿತ್ರಾನ್ನ ಮಾಡಿದ್ದರೆ ಸಾಕಿತ್ತು.

ನಗಬೇಡಿ. ಫೋನಿನಲ್ಲಿ ಫೋಟೋ ತಿದ್ದುವುದು ನನಗೆ ಬರೀ ಹುಚ್ಚಲ್ಲ. ಈ ಮನೆಯಲ್ಲಿ ನಾನು ಬೇರು ಬಿಟ್ಟದ್ದೇ ಅದರಿಂದ. ಒಮ್ಮೆ ಬುಡಸಮೇತ ಕಿತ್ತುಬಂದೆ ಅಂದುಕೊಂಡದ್ದೂ ಅದರಿಂದಲೇ.

ನಾನು ಮೈಸೂರಿನವಳು. ಇವಳಿಗೆ ಇನ್ನು ಮದುವೆ ಆದ ಹಾಗೇ ಎಂದು ನೆಂಟರೆಲ್ಲ ಕೈಬಿಟ್ಟು ಆರಾಮಾಗಿದ್ದಾಗ ಮದುವೆಯಾಗಿ ಅಮೆರಿಕದ ಸೌತ್‌ಫೀಲ್ಡಿಗೆ ಬಂದೆ. ನಮ್ಮವರ ಮೊದಲ ಹೆಂಡತಿ ವೀಣಾ ಕಾಯಿಲೆಯಾಗಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳು ಮೇಧಾ ಆಗ ಹೈಸ್ಕೂಲಿನಲ್ಲಿದ್ದಳು. ಇಲ್ಲೇ ಹುಟ್ಟಿದ ಹುಡುಗಿ, ಬಹಳ ಮರ್ಯಾದಸ್ತೆ. ಆ ಮರ್ಯಾದೆಯೇ ನನ್ನನ್ನು ಕೊಂದುಹಾಕಿತು. ಬೆಳಿಗ್ಗೆ ‘ಹಾಯ್ ಆಂಟಿ’, ರಾತ್ರಿ ‘ಗುಡ್‌ನೈಟ್ ಆಂಟಿ’, ನಡುವೆ ಕೇಳಿದ್ದಕ್ಕೆ ಉತ್ತರ. ಜಗಳವಾಡಿದ್ದರೆ ಅದನ್ನೇ ಹಿಡಿದು ಹತ್ತಿರ ಹೋಗಬಹುದಿತ್ತು. ಮಲತಾಯಿ ಎಂದರೆ ಹೇಗಿರಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸೋಫಾದಲ್ಲಿ ಕೂತು ಊರಿಗೆ ಕಳಿಸಲು ಫೋಟೋ ಆರಿಸುತ್ತಿದ್ದೆ. ನಮ್ಮವರು ಸೂಟು ಹಾಕಿಕೊಂಡು ರಾಜಗಾಂಭೀರ್ಯದಲ್ಲಿ ನಿಂತಿದ್ದಾರೆ, ಅವರ ತಲೆಯ ಹಿಂದೆ ಸರಿಯಾಗಿ ಒಂದು ಕಸದ ಡಬ್ಬಿ. ಮೇಧಾ ಪಕ್ಕದಿಂದ ಬಗ್ಗಿ ನೋಡಿದಳು. ಡಬ್ಬಿ ಬೇಕಾ ಆಂಟಿ ಎಂದು ಕೇಳಿ, ನಾನು ಬೇಡ ಅನ್ನುವಷ್ಟರಲ್ಲಿ ಬೆರಳಿನಿಂದ ಎರಡು ಸಲ ಉಜ್ಜಿದಳು. ಡಬ್ಬಿ ಮಾಯ! ಅದಿದ್ದ ಕಡೆ ಹುಲ್ಲು ಬೆಳೆದಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದು ಕಂಡು ಅವಳು ನಕ್ಕಳು. ನನ್ನೆದುರು ಅವಳು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು.

ಅಂದಿನಿಂದ ಭಾನುವಾರ ಬಂತೆಂದರೆ ನಮ್ಮ ಶಾಲೆ ಶುರು. ‘ಆ ಕಂಬ ತೆಗಿ’, ‘ಈ ಕಾರ್ ತೆಗಿ’, ‘ಹಿಂದೆ ಯಾರೋ ಬರ್ಗರ್ ತಿಂತಿದಾನೆ, ಅವನನ್ನ ತೆಗಿ’ ಎಂದು ನಾನು ಹೇಳುವುದು, ಅವಳು ತೆಗೆಯುವುದು. ಅವಳು ನನಗೆ ಒಂದು ಚಿತ್ರದ ಮೇಲೆ ಇನ್ನೊಂದನ್ನು ಹೇಗೆ ಕೂರಿಸುವುದೆಂದು ಕಲಿಸಿದಳು. ನಾನು ಅವಳಿಗೆ ಒಂದಿಷ್ಟು ಕನ್ನಡ ಕ್ರಿಯಾಪದಗಳನ್ನು ಕಲಿಸಿದೆ. ಹಾಕು, ತೆಗಿ, ಸರಿಸು, ತಿರುಗಿಸು. ಇಷ್ಟರಲ್ಲೇ ನಮ್ಮಿಬ್ಬರ ಸಂಸಾರ ನಡೆಯಿತು.

ನನ್ನ ಮೊದಲ ಕಲಾಕೃತಿಗಳನ್ನು ನೀವು ನೋಡಬೇಕಿತ್ತು. ಮುಖ ನುಣ್ಣಗೆ ಮಾಡುವ ಗುಂಡಿ ಒತ್ತಿ ಒತ್ತಿ ನನ್ನ ಮೂಗೇ ಕಾಣದ ಹಾಗೆ ಮಾಡಿಕೊಂಡಿದ್ದೆ. ಆ ಗುಂಡಿಗೆ ಹಣೆಯ ಕುಂಕುಮ ಮೊಡವೆಯಾಗಿ ಕಂಡು ಅದನ್ನೂ ಒರೆಸಿಹಾಕಿತು. ನೋಡದೆ ಊರಿಗೆ ಕಳಿಸಿದೆ. ನಮ್ಮಮ್ಮ ಗಾಬರಿಯಾಗಿ ಫೋನ್ ಮಾಡಿ ಅಳಿಯಂದಿರು ಚೆನ್ನಾಗಿದ್ದಾರಾ ಎಂದು ಮೂರು ಬಗೆಯಲ್ಲಿ ಕೇಳಿದರು. ಅಳಿಯಂದಿರು ಪಕ್ಕದಲ್ಲೇ ಕೂತು ಸೀಬೆಹಣ್ಣು ತಿನ್ನುತ್ತಿದ್ದರು. ಆಮೇಲಾಮೇಲೆ ಕೈ ಪಳಗಿತು. ಡ್ರೈವ್‌ವೇ ಮೇಲಿನ ಹಿಮವನ್ನು ಮಲ್ಲಿಗೆಯ ರಾಶಿ ಮಾಡಿದೆ. ನಮ್ಮ ಆಫೀಸಿನ ಗಾಜಿನ ಕಟ್ಟಡಕ್ಕೆ ಜಲವರ್ಣ ಬಳಿದು ಅರಮನೆಯ ಕಳೆ ತಂದೆ. ಮೇಧಾ ಮಾತ್ರ ನನ್ನ ಕೆಲಸದಲ್ಲಿ ಯಾವಾಗಲೂ ಒಂದೇ ತಪ್ಪು ಹಿಡಿಯುತ್ತಿದ್ದಳು. ಮನುಷ್ಯನನ್ನು ತೆಗೆಯುತ್ತೀರಿ, ನೆಲದ ಮೇಲೆ ಅವನ ನೆರಳು ಬಿಟ್ಟುಬಿಡುತ್ತೀರಿ ಆಂಟಿ, ಎನ್ನುತ್ತಿದ್ದಳು. ಅವಳದಾದರೆ ನೆರಳು, ಕಿಟಕಿಯಲ್ಲಿ ಬಿದ್ದ ಪ್ರತಿಬಿಂಬ, ಎಲ್ಲ ಚೊಕ್ಕ.

ಇನ್ನು ಅಜ್ಜಿಯ ವಿಷಯ. ವೀಣಾಳ ತಾಯಿ ಧಾರವಾಡದ ಕಡೆಯವರು, ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮೇಧಾಳಿಗೆ ಅವರು ಅಜ್ಜಿ, ನನಗೆ ಏನಾಗಬೇಕು ಹೇಳಿ. ತೀರಿಕೊಂಡ ಮಗಳ ಜಾಗಕ್ಕೆ ಬಂದವಳು ಆ ತಾಯಿಯನ್ನು ಏನೆಂದು ಕರೆಯಬೇಕು ಎಂಬುದಕ್ಕೆ ನನಗೆ ಯಾರೂ ಒಂದು ಪದ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಏನೂ ಕರೆಯದೆಯೇ ಮಾತಾಡುತ್ತಿದ್ದೆ. ಅವರು ನನಗೆ ‘ಬರ್ರಿ, ಕೂಡ್ರಿ, ಚಹಾ ತಗೋರಿ’ ಎಂದು ಬಹುವಚನದಲ್ಲೇ ಉಪಚಾರ ಮಾಡುತ್ತಿದ್ದರು. ಒಂದು ದಿನವೂ ಗಡಸು ಮಾತಾಡಿದವರಲ್ಲ. ಆದರೆ ಆ ‘ರ್ರಿ’ ಇದೆಯಲ್ಲ, ಅದು ಅವರ ಮನೆಯ ಹೊಸ್ತಿಲಲ್ಲೇ ನನ್ನನ್ನು ನಿಲ್ಲಿಸಿಬಿಡುತ್ತಿತ್ತು.

ಮೇಧಾ ಕಾಲೇಜು ಮುಗಿಸಿದ ಬೇಸಿಗೆಯಲ್ಲಿ ಅವರ ಮನೆಯ ಹಿತ್ತಲಿನಲ್ಲಿ ಪಾರ್ಟಿಯಾಯಿತು. ಸಂಜೆಯ ಬಿಸಿಲಿನಲ್ಲಿ ಹುಲ್ಲಿನ ಮೇಲೆ ಎಲ್ಲರೂ ನಿಂತೆವು. ಕುರ್ಚಿಯಲ್ಲಿ ಅಜ್ಜಿ, ಹಿಂದೆ ಮೇಧಾ, ನಮ್ಮವರು, ತುದಿಗೆ ನಾನು. ಫೋಟೋ ಎಂದರೆ ನನಗೆ ಕಣ್ಣು ಮುಚ್ಚುವ ರೋಗ. ಅದರಲ್ಲೂ ಮುಚ್ಚಿದ್ದೆ. ಅಜ್ಜಿ ಮೊಮ್ಮಗಳನ್ನು ಕರೆದು ಈ ಫೋಟೋವನ್ನು ಚಿತ್ರ ಬರೆದ ಹಾಗೆ ಮಾಡಿ ದೀಪಾವಳಿಗೆ ತಂದುಕೊಡು, ಕೋಣೆಯಲ್ಲಿ ಹಾಕಿಕೊಳ್ಳುತ್ತೇನೆ ಎಂದರಂತೆ. ಆಮೇಲೆ ಫೋನಿನಲ್ಲೂ ಇಬ್ಬರ ಮಾತು ನಡೆದಿತ್ತು. ಮೇಧಾ ಸೋಫಾದ ಇನ್ನೊಂದು ತುದಿಯಲ್ಲಿ ಕೂತು, ಫೋನನ್ನು ನನಗೆ ಕಾಣದಂತೆ ಹಿಡಿದು ಕೆಲಸ ಮಾಡತೊಡಗಿದಳು. ಸರ್‌ಪ್ರೈಸ್ ಇರಬೇಕು ಎಂದುಕೊಂಡು ನಾನೂ ಕೇಳಲಿಲ್ಲ.

ಆದರೆ ಫೋನಿನಲ್ಲಿ ನಾವಿಬ್ಬರೂ ಚಿತ್ರಗಳನ್ನು ಹಾಕುವ ಆಲ್ಬಮ್ ಒಂದೇ. ಅವಳು ಮುಗಿಸಿದ್ದು ತಾನಾಗಿ ಅಲ್ಲಿ ಬಂದು ಕೂತಿತ್ತು. ದೀಪಾವಳಿಗೆ ಅಜ್ಜಿಯ ಮನೆಗೆ ಹೊರಡುವ ಹಿಂದಿನ ದಿನ ತೆರೆದು ನೋಡಿದೆ.

ಎಷ್ಟು ಚೆನ್ನಾಗಿತ್ತು ಗೊತ್ತೇ! ಎಣ್ಣೆಬಣ್ಣದಲ್ಲಿ ಬರೆದ ಹಾಗೆ ಹುಲ್ಲು, ಅಜ್ಜಿಯ ಇಳಕಲ್ ಸೀರೆಯ ಅಂಚು, ಬಿಸಿಲು. ತುದಿಯಲ್ಲಿ ನಾನಿರಲಿಲ್ಲ. ನಾನಿದ್ದ ಕಡೆ ವೀಣಾ ನಿಂತಿದ್ದಳು, ಯಾವುದೋ ಹಳೆಯ ಫೋಟೋದಿಂದ ಬಂದು, ನಗುತ್ತ. ಅವಳ ಕಾಲಬಳಿ ಹುಲ್ಲಿನ ಮೇಲೆ ನೆರಳು. ಅಗಲ ಭುಜದ, ತುರುಬಿನ ನೆರಳು. ವೀಣಾ ತೆಳ್ಳಗಿನವಳು, ಎರಡು ಜಡೆಯವಳು. ಅದು ನನ್ನ ನೆರಳು.

ನನಗೆ ವೀಣಾಳ ಮೇಲೆ ಹೊಟ್ಟೆಕಿಚ್ಚಿಲ್ಲ, ಆಣೆ ಮಾಡಿ ಹೇಳುತ್ತೇನೆ. ಸೇರಿಸಲಿ, ಸೇರಿಸಬೇಕಾದದ್ದೇ. ಆದರೆ ನನ್ನನ್ನು ತೆಗೆದದ್ದು ಮೇಧಾ. ಡಬ್ಬಿ ತೆಗೆದ, ಕಂಬ ತೆಗೆದ ಅದೇ ಬೆರಳು. ಕೇಳಿದರೆ ‘ಸಾರಿ ಆಂಟಿ’ ಎಂದು ಮರ್ಯಾದೆಯಿಂದ ಹೇಳಿಬಿಟ್ಟರೆ ಏನು ಗತಿ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಆ ದಿನ ಮಾಡಿದ ಚಕ್ಕುಲಿ ಒಂದೂ ನೆಟ್ಟಗೆ ಸುತ್ತಲಿಲ್ಲ.

ಬೋಲಿಂಗ್‌ಬ್ರೂಕಿಗೆ ಐದು ಗಂಟೆಯ ದಾರಿ. ನಮ್ಮವರು ಡ್ರೈವ್ ಮಾಡುತ್ತ ಟ್ರಾಫಿಕ್ಕನ್ನು ಬೈಯುತ್ತಿದ್ದರು, ಅವರಿಗೆ ಏನೂ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ಮೇಧಾ, ಆ ಚಿತ್ರವನ್ನು ಅಚ್ಚು ಹಾಕಿಸಿ ಕಾಗದ ಸುತ್ತಿದ ಕ್ಯಾನ್ವಾಸನ್ನು ತೊಡೆಯ ಮೇಲೆ ಇಟ್ಟುಕೊಂಡು. ಅವಳ ಮುಖವೂ ಸಪ್ಪಗಿತ್ತು. ನಡುದಾರಿಯಲ್ಲಿ ಕಲಾಮಜೂ ಎಂಬ ಊರಿನ ಹತ್ತಿರ ಕಾಫಿಗೆ ನಿಲ್ಲಿಸಿದಾಗ ನನ್ನ ಕಾಫಿಗೆ ಸಕ್ಕರೆ ಹಾಕಿ ತಂದುಕೊಟ್ಟು, ಮತ್ತೆ ಹೋಗಿ ಕ್ಯಾನ್ವಾಸಿನ ಪಕ್ಕ ಕೂತಳು. ಇಷ್ಟು ವರ್ಷದ ಭಾನುವಾರಗಳು ಲೆಕ್ಕಕ್ಕೆ ಇದ್ದವೋ ಇಲ್ಲವೋ, ನನಗೆ ಅದೊಂದು ಗೊತ್ತಾಗಬೇಕಿತ್ತು.

ಪೂಜೆ, ಊಟ ಆದ ಮೇಲೆ ಅಜ್ಜಿ ಕ್ಯಾನ್ವಾಸ್ ಬಿಚ್ಚಿಸಿದರು. ಮೊದಲು ಕಂಡದ್ದು ಮಗಳು. ಮುಟ್ಟಿ ಮುಟ್ಟಿ ನೋಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮತ್ತೆ ಕನ್ನಡಕ ಏರಿಸಿ ಚಿತ್ರದ ಆ ತುದಿ ಈ ತುದಿ ಹುಡುಕಿ, ನನ್ನತ್ತ ಬೆರಳು ತೋರಿಸುತ್ತ ಮೊಮ್ಮಗಳ ಕಡೆ ತಿರುಗಿದರು.

“ಈಕೀನ್ನ ಯಾಕ ತಗೀಲಿಲ್ಲ?”

ಮೇಧಾ ಬೆಪ್ಪಾದಳು. “ತೆಗ್ದಿದೀನಲ್ಲ ಅಜ್ಜಿ.”

“ಎಲ್ಲಿ ತಗದಿ? ಇದರಾಗ ಎಲ್ಲಿದಾಳ?”

“ಇಲ್ಲ. ಅದಕ್ಕೇ ಇಲ್ಲ. ನೀವೇ ಫೋನಲ್ಲಿ ಹೇಳಿದ್ರಲ್ಲ, ನಿಮ್ಮವ್ವನ್ನ ಹಾಕು, ಈಕೀನ್ನ ತಗೀ, ಕಣ್ಣ ಮುಚ್ಚ್ಯಾಳ ಅಂತ.” ಅಷ್ಟು ಹೇಳುವಾಗಲೇ ಅವಳ ದನಿ ನಡುಗಿತು. “ಐ ಡಿಡಂಟ್ ವಾಂಟ್ ಟು. ನಿಮ್ಮ ಬರ್ತ್‌ಡೇಗೂ ಇದೇ ಗಿಫ್ಟ್ ಅಂದ್ರಿ, ಅದಕ್ಕೆ ಮಾಡ್ದೆ.” ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು.

ಆ ಕೋಣೆಯಲ್ಲಿ ಇಬ್ಬರ ಮಾತೂ ಅರ್ಥವಾದದ್ದು ನನಗೊಬ್ಬಳಿಗೇ. ಫೋಟೋ ತೆಗೆಯುವುದಕ್ಕೂ ನಾವು ‘ತೆಗಿ’ ಅನ್ನುತ್ತೇವೆ, ಕಸ ತೆಗೆಯುವುದಕ್ಕೂ ‘ತೆಗಿ’ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಫೋಟೋ ಎಂದರೆ ‘ಕ್ಲಿಕ್ ಮಾಡು’. ‘ತೆಗಿ’ ಎಂದರೆ ಬೇಡದ್ದನ್ನು ಉಜ್ಜಿಹಾಕು ಎಂದು ಆ ಹುಡುಗಿಗೆ ಕಲಿಸಿದ ಮೇಡಮ್ಮು ನಾನೇ. ಅಜ್ಜಿ ಹೇಳಿದ್ದು ಇಷ್ಟೇ: ಈಕಿ ಕಣ್ಣು ಮುಚ್ಚಿದ್ದಾಳೆ, ಈಕೆಯದು ಇನ್ನೊಂದು ಫೋಟೋ ತೆಗೆದು ಸೇರಿಸು.

ನಾನು ತಡವರಿಸಿಕೊಂಡು ಅವಳಿಗೆ ಇಂಗ್ಲಿಷಿನಲ್ಲಿ, ಇವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಜ್ಜಿ ನಗಲಿಲ್ಲ. ನನ್ನನ್ನೇ ನೋಡಿದರು.

“ನೀ ಇದನ್ನ ಮೊದಲ ನೋಡಿದ್ದೇನು?”

ಹೌದೆಂದೆ.

“ನೋಡಿ ಸುಮ್ನ ಕೂತಿ? ನಾ ಹಂಗ ಅಂತೀನಂತ ತಿಳಕೊಂಡಿ?” ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. “ಹುಚ್ಚಿ. ಹ್ವಾದಾಕಿ ಹ್ವಾದ್ಲು. ಇದ್ದಾಕೀನ್ನೂ ತಗದು ನಾ ಏನ ಮಾಡ್ಲಿ?”

‘ರ್ರಿ’ ಎಲ್ಲಿ ಹೋಯಿತೋ. ಬೈಸಿಕೊಂಡು ಅಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲಿ ಇಲ್ಲ. ಮೂವರೂ ಅತ್ತೆವು. ನಮ್ಮವರು ಗಾಬರಿಯಾಗಿ ಒಳಗೆ ಬಂದು, ಕ್ಯಾನ್ವಾಸ್ ನೋಡಿ, ‘ಚೆನ್ನಾಗಿದೆಯಲ್ಲ, ಯಾಕೆ ಅಳ್ತಿದೀರಿ’ ಎಂದರು. ನಾನಿಲ್ಲದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಅದರ ಲೆಕ್ಕ ನಾನು ಮನೆಗೆ ಬಂದ ಮೇಲೆ ಚುಕ್ತಾ ಮಾಡಿದೆ, ಬಿಡಿ.

ಅಲ್ಲೇ ಹೊಸ ಫೋಟೋ ತೆಗೆದೆವು. ಅಜ್ಜಿಯದೇ ನಿರ್ದೇಶನ. ‘ಕಣ್ಣ ತಗೀ, ಕಣ್ಣ ತಗೀ’ ಎಂದು ಅವರು ಕೂಗಿದಾಗ ಮೇಧಾ ಒಂದು ಕ್ಷಣ ಹೌಹಾರಿದಳು. ಆ ಪದಕ್ಕೆ ಇನ್ನೂ ಒಂದು ಅರ್ಥವಿದೆ ಎಂದು ಹೇಳುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನಗುವಾಗ ಕಣ್ಣು ಹೇಗೋ ಬಿಟ್ಟುಕೊಂಡಿದ್ದೆ, ಅದೇ ಸೇರಿತು. ಈಗಿನ ಚಿತ್ರದಲ್ಲಿ ವೀಣಾ ಇದ್ದಾಳೆ, ನಾನೂ ಇದ್ದೇನೆ. ವಾಪಸು ಬರುವಾಗ ಕಾರಿನಲ್ಲಿ ಮೇಧಾಳನ್ನು ಕೇಳಿದೆ, ಅಷ್ಟು ಚೊಕ್ಕ ಕೆಲಸದವಳು ನೆರಳನ್ನು ಯಾಕೆ ಬಿಟ್ಟೆ ಎಂದು. ಅಮ್ಮನ ಹಳೆಯ ಫೋಟೋ ಮನೆಯೊಳಗಿನದು, ಅದರಲ್ಲಿ ನೆರಳೇ ಇರಲಿಲ್ಲ, ನೆರಳಿಲ್ಲದೆ ತೇಲಿದ ಹಾಗೆ ಕಾಣುತ್ತಿದ್ದಳು ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, “ನಿಮ್ಮದನ್ನ ಪೂರ್ತಿ ತೆಗೆಯೋಕೆ ಕೈ ಬರ್ಲಿಲ್ಲ ಆಂಟಿ” ಎಂದಳು. ಈಗಲೂ ಅವಳಿಗೆ ನಾನು ಆಂಟಿಯೇ. ನನಗೇನೂ ದೂರಿಲ್ಲ.

ನೋಡಿ, ಮಾತಾಡುತ್ತ ಒಗ್ಗರಣೆ ಕಪ್ಪಾಯಿತು. ಒಲೆ ಆರಿಸಿ ಕೈ ತೊಳೆದು ಫೋನು ಒರೆಸಿದೆ. ಅಷ್ಟರಲ್ಲಿ ಮತ್ತೊಂದು ಸದ್ದು. ವಾರಂಟಿಯವರಲ್ಲ, ಮೇಧಾ. ಅವಳೀಗ ಶಿಕಾಗೋದಲ್ಲಿ ಕೆಲಸದಲ್ಲಿದ್ದಾಳೆ. ಒಂದು ಫೋಟೋ ಕಳಿಸಿದ್ದಳು: ಸರೋವರದ ದಂಡೆ, ಗಾಳಿ, ಗುಂಗುರು ಕೂದಲಿನ ಉದ್ದನೆಯ ಹುಡುಗನೊಬ್ಬ ನಾಚಿಕೊಂಡು ನಿಂತಿದ್ದಾನೆ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: “ಆಂಟಿ, ಇವನನ್ನ ನಮ್ಮ ಫ್ಯಾಮಿಲಿ ಫೋಟೋಗೆ ಹಾಕಿ ನೋಡ್ತೀರಾ? ಹೇಗ್ ಕಾಣ್ತಾನೆ ಹೇಳಿ. ಅಪ್ಪಂಗೆ ಇನ್ನೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.”

ಒಂದು ನಿಮಿಷದ ಕೆಲಸ, ನನಗಿಂತ ಹತ್ತು ಪಾಲು ಚೆನ್ನಾಗಿ ಅವಳೇ ಮಾಡುತ್ತಿದ್ದಳು. ನಾನು ಸ್ಟೂಲು ಎಳೆದುಕೊಂಡು ಕೂತೆ. ಕೂದಲಿನ ಗುಂಗುರೊಂದೂ ತುಂಡಾಗದ ಹಾಗೆ ಅವನನ್ನು ಬಿಡಿಸಿಕೊಂಡೆ. ಹೊಸಬ, ತುದಿಯಲ್ಲಿ ನಿಲ್ಲಲಿ ಎಂದು ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದೆ. ನೋಡಿದೆ. ಮನಸ್ಸು ಒಪ್ಪಲಿಲ್ಲ. ಅಲ್ಲಿ ನಿಂತವರಿಗೆ ಹೇಗಿರುತ್ತದೆಂದು ನನಗೆ ಗೊತ್ತು.

“ಯಾರದು ಮೆಸೇಜು?” ಎಂದರು ನಮ್ಮವರು, ಕಾಫಿ ಲೋಟ ಹಿಡಿದು ಒಳಗೆ ಬರುತ್ತ.

“ಮೇಧಾಂದು. ಆಮೇಲೆ ಹೇಳ್ತೀನಿ, ನೀವು ಸ್ವಲ್ಪ ಆಚೆ ಹೋಗಿ” ಎಂದೆ. ಫೋಟೋದಲ್ಲೂ ಅವರನ್ನು ಸ್ವಲ್ಪ ಆಚೆ ಸರಿಸಿ, ಆ ಹುಡುಗನನ್ನು ನಡುವೆ, ಅಜ್ಜಿಯ ಕುರ್ಚಿಯ ಹಿಂದೆಯೇ ನಿಲ್ಲಿಸಿ, ಕಳಿಸಿದೆ.