ಗ್ವಾದಲಿ ಕೂಸಿಗೆ ನಾ ಹಾಡಿದ ಜೋಗುಳ

ಎಂಬತ್ತರ ಇಸ್ವಿ ಆಚೀಚಿನ ಮಾತು. ನನ್ನ ಮಗಳ ಮಗಳು ನವಲಗುಂದದೊಳಗ ನಮ್ಮ ಮನ್ಯಾಗ ಇದ್ದು ಮಿಷನ್ ಸಾಲಿಗೆ ಹೋಗ್ತಿದ್ದಳು. ಕ್ರಿಸ್‌ಮಸ್ ಬಂತಂತ ಅಲ್ಲಿ ಕಲಿಸೂ ಅಕ್ಕಾರು ತಮ್ಮ ಪವಿತ್ರ ಪುಸ್ತಕದ ಮಾತುಗಳನ್ನೇ ಜೋಗುಳ ಮಾಡಿ ಹುಡುಗ್ಯಾರಿಗೆ ಕಲಿಸಿದ್ದರು. ಒಂದು ಗುಂಪು ತಗ್ಗಿನ ದನಿಯೊಳಗ ಬರೇ ಜೋ ಜೋ ಅನ್ನೂದು, ಇನ್ನೊಂದು ಗುಂಪು ಅದರ ಮ್ಯಾಲೆ ಕಥಿ ಹಾಡೂದು, ನಡುವ ನನ್ನ ಮೊಮ್ಮಗಳು ಒಬ್ಬಾಕಿನೇ ತಾಯಿಯ ಮಾತು ಹಾಡೂದು. ನಾ ರೊಟ್ಟಿ ಬಡಿಯುವಾಗ ಹಾಡಿ ತೋರಿಸಿದಳು. ಎಲ್ಲೂ ಜಾಗ ಸಿಗದ ಆ ತಾಯಿ, ಹಡೆದ ಕೂಸನ್ನ ಅರಿವ್ಯಾಗ ಸುತ್ತಿ ದನ ಮೇವು ತಿನ್ನೂ ಗ್ವಾದಲ್ಯಾಗ ಮಲಗಿಸಿದ್ದು ಕೇಳತಾ ಕೇಳತಾ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತು.

ಪಡಸಾಲ್ಯಾಗಿದ್ದ ಭಾವನವರಿಗೂ ಕೇಳಿಸ್ತು. ನನ್ನ ಗಂಡನ ಅಣ್ಣ, ಮನಿಗೆ ಹಿರಿಯರು.

"ಅವರ ದೇವರಿಗೆ ನಮ್ಮ ಹುಡುಗಿ ಯಾಕ ಜೋಗುಳ ಹಾಡಬೇಕು? ಹಾಡಿದಳಂದ್ರ ಮರುದಿನದಿಂದ ಸಾಲಿ ಬಂದ್" ಅಂದರು.

ಹುಡುಗಿ ಮೂಲಿ ಸೇರಿದಳು. ಅಲ್ಲಿತನಕ ನಾ ಭಾವನ ಎದುರು ನಿಂತು ಮಾತಾಡಿದಾಕಿ ಅಲ್ಲ. ಏನರ ಹೇಳೂದಿದ್ರ ಬಾಗಿಲ ಹಿಂದಿಂದ ಮತ್ತೊಬ್ಬರ ಕೈಲೆ ಹೇಳಸ್ತಿದ್ದೆ. ಅವತ್ತು ಸೆರಗು ಹೊದ್ದು ಪಡಸಾಲಿಗೇ ಬಂದೆ.

"ಭಾವಾರ, ಆ ಕೂಸು ಹುಟ್ಟಿದ ಸುದ್ದಿ ಮೊದಲ ಯಾರಿಗೆ ಮುಟ್ಟಿತು ಗೊತ್ತೈತೇನ್ರಿ? ಹಾಡಿನ್ಯಾಗ ಐತಿ. ಸಾಹುಕಾರಗ ಅಲ್ಲ, ಗೌಡಗ ಅಲ್ಲ. ಕುರಿ ಕಾಯೋರಿಗೆ, ನಮ್ಮಂಥವರಿಗೆ."

"ಅದಕ್ಕ?"

"ಕೂಸು ನೋಡಾಕ ಹೋಗಿ ಜೋಗುಳ ಹಾಡದ ಬರೂದು ನಮ್ಮ ಮಂದ್ಯಾಗ ಐತೇನ್ರಿ?"

"ಭಾಳ ಮಾತು ಕಲತಿ ಬಿಡು."

"ಮೊಮ್ಮಗಳು ಸಾಲಿಗೆ ಹೋಗ್ತಾಳಲ್ರಿ, ಒಂದೀಟು ನನಗೂ ಹತ್ತೈತಿ."

ಹಬ್ಬಕ್ಕ ಸಾಲಿ ಸೂಟಿ ಬಿಡೂಕಿಂತ ಮೊದಲ ಒಂದು ಸಂಜಿ ಹಾಡು ಇಟ್ಟಿದ್ದರು. ಹುಡುಗಿ ಕೈ ಹಿಡಕೊಂಡು ನಾನೇ ಹೋದೆ. ಜೋ ಜೋ ಶುರುವಾತು. ಆಕಿ ಪಾಳಿ ಬಂದಾಗ ದನಿ ನಡುಗಿತು, ನನ್ನ ಕಡೆ ನೋಡಿದಳು. ನಮ್ಮಲ್ಲಿ ತೊಟ್ಟಿಲ ಮುಂದ ಜೋಗುಳ ಎತ್ತಿದರ ಕುಂತ ಹೆಂಗಸರೆಲ್ಲ ಜೋ ಜೋ ಅಂತ ದನಿ ಕೂಡಸಬೇಕು, ಸುಮ್ಮನ ಕುಂತರ ಕೂಸಿಗೆ ಕೇಡು ಬಯಸಿದಂಗ. ಇಲ್ಲೂ ಹಂಗ ಅಂತ ತಿಳಿದು ನಾ ಬಾಯಿ ತೆಗೆದು ಜೋ ಜೋ ಅಂದೆ. ಇಡೀ ಸಭಾದಾಗ ನಾ ಒಬ್ಬಾಕಿನೇ. ಮಂದಿ ಹೊಳ್ಳಿ ನೋಡಿದರು. ನೋಡಿದರ ನೋಡಲಿ ಅಂತ ನಾ ನಿಲ್ಲಿಸಲಿಲ್ಲ. ಅಕ್ಕಾರೂ ನಕ್ಕೋತ ಹಾಡ್ರಿ ಅಂತ ಕೈಸನ್ನಿ ಮಾಡಿದರು. ಮೊಮ್ಮಗಳ ದನಿ ಗಟ್ಟಿಯಾತು. ನನ್ನ ಹಿಗ್ಗು ಏನು ಹೇಳಲಿ, ನಾನೇ ಹಡೆದಂಗ ಆಗಿತ್ತು.

ಮರುದಿನ ಮುಂಜಾನೆ ಆಕಿಗೆ ಹೆರಳು ಹಾಕ್ತಿದ್ದೆ.

"ಹಾಡಿದಳೇನು?" ಅಂದರು ಭಾವನವರು.

"ಹಾಡಿದಳ್ರಿ. ನಾನೂ ಹಾಡೀನಿ. ಸಾಲಿ ಬಿಡಸೂದಿದ್ರ ಮೊದಲ ನನ್ನ ಬಿಡಸ್ರಿ."

"ನೀ ಯಾವಾಗ ಸಾಲಿಗೆ ಹೋಗಿದ್ದಿ ಬಿಡಸಾಕ?"

ಹೆರಳಿನ ತುದಿ ಕಟ್ಟಿ, ಪಾಟೀಚೀಲ ಹೆಗಲಿಗೆ ಹಾಕಿ ಹುಡುಗೀನ್ನ ಸಾಲಿಗೆ ಕಳಿಸಿಬಿಟ್ಟೆ.